ಚಿಗುರು ನೋಡಿ ಮೋಸಹೋದ ಯುಗಾದಿ

ನಮ್ಮದು ಸಾಗರದ ಕಡೆ. ಮನೆ ಹಿಂದಿನ ಜಾಗದಲ್ಲಿ ಸಣ್ಣ ನರ್ಸರಿ ಮಾಡಿಕೊಂಡಿದ್ದೇನೆ. ಅಡಿಕೆ ಸಸಿ, ಒಂದಿಷ್ಟು ಅಪ್ಪೆಮಿಡಿ ಕಸಿ, ದಾಸವಾಳ ಎಲ್ಲ ಇದೆ. ಆದರೆ ನಾಲ್ಕು ಕಾಸು ತರುವುದು ಕಾಳುಮೆಣಸೇ. ಅದರ ಬಳ್ಳಿ ತುಂಡು ಮಾಡಿ ನೆಡುವ ಕೆಲಸವೆಲ್ಲ ಶಿವರಾತ್ರಿಯಿಂದ ಯುಗಾದಿಯೊಳಗೆ ಮುಗಿಯಬೇಕು. ಅಷ್ಟರಲ್ಲಿ ಅಡಿಕೆ ಸುಲಿತ ಮುಗಿದು ಆಳು ಸಿಗುತ್ತಾರೆ, ಬಳ್ಳಿಯೂ ಹದಕ್ಕೆ ಬಂದಿರುತ್ತದೆ. ತಡವಾದರೆ ಮಳೆಗಾಲಕ್ಕೆ ಸಸಿ ತಯಾರಾಗುವುದಿಲ್ಲ.

ಮೊದಲ ವರ್ಷ ಒಂದು ಸಾವಿರ ಕೊಟ್ಟೆ, ಅಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ, ತುಂಬಿದ್ದೆ. ಬಳ್ಳಿಯ ಕಡ್ಡಿ ನೆಟ್ಟು, ಮೇಲೆ ಬಿದಿರಿನ ದಬ್ಬೆ ಬಾಗಿಸಿ ಪ್ಲಾಸ್ಟಿಕ್ ಹೊದಿಸಿದ್ದೆ. ಒಳಗೆ ತೇವ ನಿಲ್ಲಬೇಕು, ಅದಕ್ಕೆ. ಮೂರು ವಾರಕ್ಕೆ ಗಣ್ಣುಗಳಲ್ಲಿ ಚಿಗುರು ಬಂತು. ನೋಡಲು ಎರಡು ಕಣ್ಣು ಸಾಲದು. ಬೇರು ಬಿಟ್ಟಿದೆ ಅಂದುಕೊಂಡು ಯುಗಾದಿ ಹಿಂದಿನ ದಿನ ಪ್ಲಾಸ್ಟಿಕ್ ತೆಗೆದುಬಿಟ್ಟೆ. ನಾಲ್ಕೇ ದಿನ, ಎಲೆಗಳೆಲ್ಲ ಜೋತುಬಿದ್ದವು. ನೀರು ಸಾಲಲಿಲ್ಲವೇನೋ ಎಂದು ದಿನಕ್ಕೆ ಮೂರು ಸಲ ಹಾಕಿದೆ. ಈಗ ಕಡ್ಡಿಯ ಬುಡ ಕಪ್ಪಾಗಿ ಕೊಳೆಯತೊಡಗಿತು. ಅತ್ತೆ ಬಂದು ಒಂದು ಕಡ್ಡಿ ಎಳೆದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. "ಇದಕ್ಕೆ ಬೇರೇ ಬರಲಿಲ್ಲವಲ್ಲೇ ಕೂಸೆ" ಅಂದರು. ಕೊನೆಗೆ ಉಳಿದದ್ದು ಮುನ್ನೂರು ಚಿಲ್ಲರೆ.

ಕಡ್ಡಿ ತನ್ನೊಳಗೆ ಕೂಡಿಟ್ಟುಕೊಂಡ ಆಹಾರದಲ್ಲೇ ಚಿಗುರುತ್ತದೆ, ಅಲ್ವಾ? ಅದಕ್ಕೆ ಬೇರು ಬೇಕಾಗಿಲ್ಲ. ಬೇರು ಬರುವುದು ಆಮೇಲೆ, ನಿಧಾನಕ್ಕೆ. ನಡುವಿನ ಈ ಎರಡು ಮೂರು ವಾರ ಗಿಡ ಸಾಲದ ಮೇಲೆ ಬದುಕಿರುತ್ತದೆ. ನಾನು ಆಗಲೇ ಅದನ್ನು ಬಿಸಿಲಿಗೆ ಒಡ್ಡಿದ್ದೆ.

ಈಗ ಪ್ರತಿ ಸಾಲಿನಲ್ಲಿ ಮೂರು ನಾಲ್ಕು ಪಾರದರ್ಶಕ ಕೊಟ್ಟೆ ಇಡುತ್ತೇನೆ. ಬೆಳಕು ತಾಗದಂತೆ ಕಪ್ಪು ಕೊಟ್ಟೆಗಳ ಮಧ್ಯೆ ಹುದುಗಿಸಿಡುವುದು. ವಾರಕ್ಕೊಮ್ಮೆ ಎತ್ತಿ ನೋಡುವುದು. ಬಿಳಿ ಬೇರು ಕೊಟ್ಟೆಯ ಗೋಡೆಗೆ ಬಂದು ತಾಗಿದ್ದು ಕಂಡ ಮೇಲೆಯೇ ಪ್ಲಾಸ್ಟಿಕ್ಕಿಗೆ ಕೈ ಹಾಕುತ್ತೇನೆ. ಅದೂ ಒಂದೇ ಸಲಕ್ಕಲ್ಲ. ಮೊದಲು ಸಂಜೆ ಹೊತ್ತು ಒಂದು ತುದಿ, ಆಮೇಲೆ ಎರಡೂ ತುದಿ, ವಾರ ಕಳೆದ ಮೇಲೆ ಪೂರ್ತಿ. ಮನೆಯವರು ಇವಕ್ಕೆ "ಗೂಢಚಾರ ಕೊಟ್ಟೆ" ಎಂದು ಹೆಸರಿಟ್ಟಿದ್ದಾರೆ.

ಇನ್ನು ಬಳ್ಳಿ. ಕೊಯ್ಲಿಗೆ ಮೊದಲು, ಕರೆ (ಕಾಳಿನ ಗೊಂಚಲು) ತುಂಬಿರುವಾಗಲೇ ತಾಯಿ ಬಳ್ಳಿ ಗುರುತು ಮಾಡಿ ಕೆಂಪು ಬಟ್ಟೆ ಕಟ್ಟುತ್ತೇನೆ. ಕೊಯ್ದ ಮೇಲೆ ಎಲ್ಲ ಬಳ್ಳಿಯೂ ಒಂದೇ ಥರ ಕಾಣುತ್ತದೆ. ಐದು ವರ್ಷ ದಾಟಿದ, ಹನ್ನೆರಡರ ಒಳಗಿನ ಬಳ್ಳಿ ಒಳ್ಳೆಯದು. ಹತ್ತಿರದಲ್ಲಿ ಸೊರಗು ರೋಗ ಬಂದಿದ್ದರೆ ಎಷ್ಟೇ ಕಾಯಿ ಬಿಟ್ಟಿದ್ದರೂ ಬೇಡ. ಮಳೆ ಮುಗಿದ ಮೇಲೆ ಆ ಬಳ್ಳಿಯ ಬುಡದಲ್ಲಿ ಗೂಟ ಹುಗಿದು, ಹಬ್ಬು ಬಳ್ಳಿಗಳನ್ನು ಅದಕ್ಕೆ ಸುತ್ತಿಡಬೇಕು. ನೆಲಕ್ಕೆ ಬಿಟ್ಟರೆ ಅಲ್ಲೇ ಬೇರೂರುತ್ತವೆ, ಮಣ್ಣಿನ ರೋಗವನ್ನೂ ಹತ್ತಿಸಿಕೊಳ್ಳುತ್ತವೆ.

ಕತ್ತರಿಸುವಾಗ ತುದಿಯ ಎಳೆ ಭಾಗ ಬೇಡ, ಬುಡದ ಗಟ್ಟಿ ಭಾಗವೂ ಬೇಡ. ನಡುವಿನದು ಸಾಕು. ಎರಡು ಮೂರು ಗಣ್ಣಿನ ತುಂಡು ಮಾಡಿ, ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡುತ್ತೇನೆ. ಒಂದು ಗಣ್ಣಾದರೂ ಮಣ್ಣೊಳಗೆ ಹೋಗಬೇಕು, ಬೇರು ಬರುವುದು ಅಲ್ಲಿಂದಲೇ. ಬೆಳಿಗ್ಗೆ ಕೊಯ್ದದ್ದು ಅವತ್ತೇ ನೆಡುತ್ತೇನೆ.

ಕೊಟ್ಟೆಗೆ ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಗೊಬ್ಬರ ಪೂರ್ತಿ ಕಳಿತಿರಬೇಕು. ಮುಷ್ಟಿಯಲ್ಲಿ ಹಿಡಿದರೆ ಬೆಚ್ಚಗಿರಬಾರದು, ಮೂಗಿಗೆ ಸಗಣಿ ವಾಸನೆ ಬರಬಾರದು. ಜನವರಿ ಕೊನೆಗೇ ಈ ಮಣ್ಣಿಗೆ ನೀರು ಚಿಮುಕಿಸಿ ಬಿಸಿಲಲ್ಲಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ಒಂದು ತಿಂಗಳು ಬೇಯಿಸುತ್ತೇನೆ. ಆರಿದ ಮೇಲೆ ಟ್ರೈಕೋಡರ್ಮಾ ಬೆರೆಸುವುದು, ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ ಅದು. ಮೊದಲೇ ಬೆರೆಸಿದರೆ ಅದೂ ಬೆಂದುಹೋಗುತ್ತದೆ! ಮೈಲುತುತ್ತ ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನೂ ಅದರ ಜೊತೆಗೇ ಕೊಡಬಾರದು. ಅದರಲ್ಲಿರುವ ತಾಮ್ರ ಈ ಒಳ್ಳೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಎರಡರ ನಡುವೆ ನಾನು ಹದಿನೈದು ದಿನ ಬಿಡುತ್ತೇನೆ.

ತಳಿಯ ಮಾತು ಬಂದರೆ ಎಲ್ಲರೂ ಪಣಿಯೂರು-1 ಕೇಳುತ್ತಾರೆ. 1971ರಲ್ಲಿ ಕೇರಳದ ಪಣಿಯೂರಿನ ಸಂಶೋಧನಾ ಕೇಂದ್ರದಿಂದ ಬಂದ ಸಂಕರ ತಳಿ ಅದು. ಕರೆ ಉದ್ದ, ಕಾಳು ದಪ್ಪ, ನೋಡಲು ಚಂದ. ಆದರೆ ಅದಕ್ಕೆ ಬೆಳಕು ಬೇಕು. ದಟ್ಟ ನೆರಳಿನ ಅಡಿಕೆ ತೋಟಕ್ಕೆ ಕೊಂಡೊಯ್ಯುವವರಿಗೆ ಕರಿಮುಂಡ ನೋಡಿ ಎನ್ನುತ್ತೇನೆ, ಅದು ನೆರಳು ತಡೆದುಕೊಳ್ಳುತ್ತದೆ. ಜವುಗು ಜಾಗದವರಿಗೆ ಹಿಪ್ಪಲಿ ಕಸಿ, ಅಂದರೆ ಹಿಪ್ಪಲಿ ಗಿಡದ ಬುಡಕ್ಕೆ ಕಸಿ ಕಟ್ಟಿದ ಕಾಳುಮೆಣಸು. ಬುಡ ಕೊಳೆಯುವುದಿಲ್ಲ, ಆದರೆ ಬೇಸಿಗೆಯಲ್ಲಿ ನೀರು ತಪ್ಪಿದರೆ ಕಷ್ಟ ಎಂದೂ ಹೇಳಿಯೇ ಕೊಡುತ್ತೇನೆ.

ನೆರಳಿಗೆ ಮೊದಲು ಅಡಿಕೆ ಸೋಗೆ ಚಪ್ಪರ ಹಾಕುತ್ತಿದ್ದೆ. ಈಗ ಶೇಡ್ ನೆಟ್. ಸೋಗೆ ತಂಪು ಜಾಸ್ತಿ, ನಿಜ. ಆದರೆ ಏಪ್ರಿಲ್ ಕೊನೆಯ ಗಾಳಿಮಳೆಗೆ ಒಂದು ಸಲ ಚಪ್ಪರ ಪೂರ್ತಿ ಸಸಿಗಳ ಮೇಲೇ ಮಲಗಿತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ನರ್ಸರಿಯವರಿಗೆ ಅದೇ ಮಳೆ ಎದೆಬಡಿತ. ಒಂದೇ ರಾತ್ರಿಯಲ್ಲಿ ಕೊಟ್ಟೆ ಒದ್ದೆ ಮುದ್ದೆಯಾಗಿ, ಎಲೆ ಮೇಲೆ ಕಪ್ಪು ಚುಕ್ಕೆ ಶುರುವಾಗುತ್ತದೆ. ಬೆಳಿಗ್ಗೆ ಎದ್ದವಳೇ ಚುಕ್ಕೆ ಕಂಡ ಗಿಡಗಳನ್ನು ಕೊಟ್ಟೆ ಸಮೇತ ಹೊರಗೆ ಹಾಕುತ್ತೇನೆ. ಕರುಣೆ ತೋರಿಸಿದರೆ ಪಕ್ಕದ ಹತ್ತು ಹೋಗುತ್ತವೆ.

ಜೂನ್‌ನಲ್ಲಿ ಗಿರಾಕಿಗಳು ಬರುತ್ತಾರೆ. ಎಲ್ಲರ ಕಣ್ಣೂ ಎತ್ತರದ ಗಿಡದ ಮೇಲೆ. ಕುಳ್ಳಗಿರುವುದನ್ನು ಕೊಟ್ಟರೆ, "ಏನಕ್ಕಾ, ಉಳಿದದ್ದು ಕೊಡ್ತೀಯಾ?" ಎನ್ನುತ್ತಾರೆ. ಆಗ ನಾನು ಎರಡು ಕೊಟ್ಟೆ ತಂದು, ಉದ್ದದ್ದೊಂದು ಗಿಡ್ಡದ್ದೊಂದು, ಅವರೆದುರೇ ಬ್ಲೇಡಿನಲ್ಲಿ ಬದಿ ಸೀಳಿ ಬೇರು ತೋರಿಸುತ್ತೇನೆ. ಎಷ್ಟೋ ಸಲ ಗಿಡ್ಡದ್ದೇ ಗೆದ್ದಿದೆ. ಸೀಳಿದ ಗಿಡ ಮಾರಲು ಬರುವುದಿಲ್ಲ, ಸಂಜೆಯೇ ನಮ್ಮ ತೋಟದ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಹಾಗೆ ಸೀಳಿದವೇ ಈಗ ಐವತ್ತರ ಮೇಲೆ ಮರ ಹತ್ತಿವೆ.