ಕಾರ್ಡ್ ಪಾವತಿಗೆ ಯಾವ ಕಂಪನಿ? ಸಹಿ ಹಾಕುವ ಮೊದಲು ಈ ಲೆಕ್ಕ ಮಾಡಿ

ಸಣ್ಣ ವ್ಯಾಪಾರದವರು ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಲು ಶುರು ಮಾಡುವಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಪರ್ಸೆಂಟ್ ಹಿಡಿದುಕೊಳ್ಳುತ್ತೀರಿ?’ ಕೇಳಲೇಬೇಕಾದ ಪ್ರಶ್ನೆಯೇ. ಆದರೆ ದೊಡ್ಡ ಅಕ್ಷರದಲ್ಲಿ ಬರೆದ ಆ ಒಂದು ದರ ನೋಡಿ ಕಂಪನಿ ಆರಿಸಬೇಡಿ. ತಿಂಗಳಿಗೆ ಒಟ್ಟು ಎಷ್ಟು ಕಡಿತವಾಗುತ್ತದೆ ಮತ್ತು ಉಳಿದ ಹಣ ಯಾವಾಗ ನಿಮ್ಮ ಖಾತೆಗೆ ಬರುತ್ತದೆ ಎಂಬ ಎರಡು ವಿಷಯ ಗೊತ್ತಾಗುವವರೆಗೆ ಯಾವ ದರವೂ ಅಗ್ಗ ಅಲ್ಲ, ದುಬಾರಿಯೂ ಅಲ್ಲ.

ಕಡಿತವಾದ ಹಣ ಯಾರಿಗೆ ಹೋಗುತ್ತದೆ?

ಗಿರಾಕಿ ಕಾರ್ಡ್ ಕೊಟ್ಟಾಗ ನಡುವೆ ಹಲವರು ಕೆಲಸ ಮಾಡುತ್ತಾರೆ. ಕಾರ್ಡ್ ಕೊಟ್ಟ ಬ್ಯಾಂಕ್, ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ನೆಟ್‌ವರ್ಕ್, ನಿಮ್ಮ ಪರವಾಗಿ ಹಣ ಪಡೆಯುವ ಬ್ಯಾಂಕ್, ಮತ್ತು ಇವರನ್ನೆಲ್ಲ ಜೋಡಿಸಿಕೊಡುವ ಪೇಮೆಂಟ್ ಪ್ರೊಸೆಸರ್. ಕಡಿತದ ದೊಡ್ಡ ಪಾಲು ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಇದಕ್ಕೆ ಇಂಟರ್‌ಚೇಂಜ್ ಎನ್ನುತ್ತಾರೆ. ಇನ್ನೊಂದು ಸಣ್ಣ ಪಾಲು ನೆಟ್‌ವರ್ಕ್‌ಗೆ. ಮಿಕ್ಕಿದ್ದು ಪ್ರೊಸೆಸರ್ ಮತ್ತು ಅದರ ಬ್ಯಾಂಕಿನ ಲಾಭ.

ಮೊದಲ ಎರಡರಲ್ಲಿ ಸಣ್ಣ ವ್ಯಾಪಾರಿ ಚೌಕಾಸಿ ಮಾಡಲಾಗದು. ಮೂರನೆಯದರಲ್ಲಿ ಖಂಡಿತ ಮಾಡಬಹುದು. ಕೆಲವು ಕಡೆ ಸರ್ಕಾರಗಳೇ ಇಂಟರ್‌ಚೇಂಜ್‌ಗೆ ಮಿತಿ ಹಾಕಿವೆ. ಯುರೋಪಿಯನ್ ಒಕ್ಕೂಟ 2015ರಲ್ಲಿ ಸಾಮಾನ್ಯ ಗ್ರಾಹಕರ ಡೆಬಿಟ್ ಕಾರ್ಡ್‌ಗೆ ಶೇ 0.2, ಕ್ರೆಡಿಟ್ ಕಾರ್ಡ್‌ಗೆ ಶೇ 0.3 ಎಂದು ಗೆರೆ ಎಳೆಯಿತು. ನಿಮ್ಮ ದೇಶದಲ್ಲಿ ಇಂಥ ಮಿತಿ ಇದೆಯೇ ಎಂದು ಮೊದಲು ವಿಚಾರಿಸಿ. ಇದ್ದರೆ, ಪ್ರೊಸೆಸರ್ ಹೇಳುವ ದರದಲ್ಲಿ ಅವರ ಪಾಲು ಎಷ್ಟು ಎಂಬುದರ ಅಂದಾಜು ಸಿಗುತ್ತದೆ.

ನಿಮ್ಮದೇ ಲೆಕ್ಕ ಬರೆದುಕೊಳ್ಳಿ

ಯಾರಿಗೂ ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ತಿಂಗಳ ಮಾರಾಟ ಎಷ್ಟು, ಬಿಲ್‌ಗಳು ಎಷ್ಟು, ಒಂದು ಬಿಲ್ ಸರಾಸರಿ ಎಷ್ಟು, ಅಂಗಡಿಯಲ್ಲಿ ಎದುರೆದುರು ಎಷ್ಟು, ಆನ್‌ಲೈನ್ ಅಥವಾ ಫೋನ್ ಮೂಲಕ ಎಷ್ಟು, ವಿದೇಶಿ ಕಾರ್ಡ್ ಬರುತ್ತದೆಯೇ, ಎಷ್ಟು ಸಲ ಹಣ ವಾಪಸ್ ಕೊಡಬೇಕಾಗುತ್ತದೆ.

ಸರಾಸರಿ ಬಿಲ್ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಎರಡು ವ್ಯಾಪಾರಗಳು, ಎರಡರದೂ ತಿಂಗಳ ಕಾರ್ಡ್ ಮಾರಾಟ 2,00,000 ರೂಪಾಯಿ. ಮೊದಲನೆಯದರಲ್ಲಿ 200ರ ಸಾವಿರ ಬಿಲ್‌ಗಳು. ಎರಡನೆಯದರಲ್ಲಿ 4,000ದ ಐವತ್ತು ಬಿಲ್‌ಗಳು. ಒಂದು ಪ್ರೊಸೆಸರ್ ಶೇ 2ರ ಜೊತೆಗೆ ಪ್ರತಿ ಬಿಲ್‌ಗೆ 3 ರೂಪಾಯಿ ಕೇಳುತ್ತದೆ. ಇನ್ನೊಂದು ಬರೀ ಶೇ 2.6 ಕೇಳುತ್ತದೆ.

ಸಣ್ಣ ಬಿಲ್‌ಗಳ ವ್ಯಾಪಾರಕ್ಕೆ ಮೊದಲ ಪ್ರೊಸೆಸರ್‌ನಲ್ಲಿ 4,000 ಮತ್ತು 3,000 ಸೇರಿ 7,000 ಹೋಗುತ್ತದೆ. ಅಂದರೆ ನಿಜವಾದ ದರ ಶೇ 3.5! ‘ದುಬಾರಿ’ ಎನಿಸಿದ ಎರಡನೆಯದರಲ್ಲಿ 5,200 ಮಾತ್ರ. ದೊಡ್ಡ ಬಿಲ್‌ಗಳ ವ್ಯಾಪಾರಕ್ಕೆ ಇದು ಪೂರ್ತಿ ತಿರುವುಮುರುವು. ಮೊದಲನೆಯದರಲ್ಲಿ 4,150, ಎರಡನೆಯದರಲ್ಲಿ ಅದೇ 5,200. ಪಕ್ಕದ ಅಂಗಡಿಯವರು ಹೊಗಳಿದ ಕಂಪನಿ ನಿಮಗೂ ಸರಿಹೋಗುತ್ತದೆ ಎಂದುಕೊಳ್ಳಬೇಡಿ ಎನ್ನುವುದು ಇದಕ್ಕೇ.

ಒಟ್ಟು ಕಡಿತವನ್ನು ಒಟ್ಟು ಕಾರ್ಡ್ ಮಾರಾಟದಿಂದ ಭಾಗಿಸಿ, ನೂರರಿಂದ ಗುಣಿಸಿ. ಬರುವ ಸಂಖ್ಯೆಯೇ ನಿಮ್ಮ ನಿಜವಾದ ದರ. ಒಟ್ಟು ಕಡಿತ ಎಂದರೆ ಒಟ್ಟೇ. ತಿಂಗಳ ಶುಲ್ಕ, ಮಷೀನ್ ಬಾಡಿಗೆ, ಸ್ಟೇಟ್‌ಮೆಂಟ್ ಶುಲ್ಕ, ಭದ್ರತಾ ಶುಲ್ಕ, ಮಾರಾಟ ಕಡಿಮೆಯಾದ ತಿಂಗಳು ಕಟ್ಟಬೇಕಾದ ಕನಿಷ್ಠ ಶುಲ್ಕ ಎಲ್ಲವೂ ಅದರಲ್ಲಿ ಸೇರಬೇಕು. ಇದನ್ನೆಲ್ಲ ಬಾಯಿಮಾತಿನಲ್ಲಿ ಕೇಳಿದರೆ ಸಾಲದು. ಬರಹದಲ್ಲಿ ತರಿಸಿಕೊಳ್ಳಿ.

ದರದ ಮೂರು ಬಗೆ

ಕೆಲವರು ಎಲ್ಲ ಕಾರ್ಡ್‌ಗೂ ಒಂದೇ ದರ ಹಾಕುತ್ತಾರೆ. ಲೆಕ್ಕ ಸುಲಭ, ಮಾರಾಟ ಕಡಿಮೆ ಇರುವವರಿಗೆ ಒಳ್ಳೆಯದು. ಇನ್ನು ಕೆಲವರು ಇಂಟರ್‌ಚೇಂಜ್ ಮತ್ತು ನೆಟ್‌ವರ್ಕ್ ಶುಲ್ಕವನ್ನು ಇದ್ದ ಹಾಗೆ ತೋರಿಸಿ, ಅದರ ಮೇಲೆ ತಮ್ಮ ಪಾಲು ಇಷ್ಟು ಎಂದು ಹೇಳುತ್ತಾರೆ. ಸ್ಟೇಟ್‌ಮೆಂಟ್ ಉದ್ದ ಇರುತ್ತದೆ, ಓದಲು ತಾಳ್ಮೆ ಬೇಕು. ಆದರೆ ಮಾರಾಟ ಬೆಳೆದಂತೆ ಸಾಮಾನ್ಯವಾಗಿ ಇದೇ ಅಗ್ಗ.

ಮೂರನೆಯದು ಕಾರ್ಡ್‌ಗಳನ್ನು ದರ್ಜೆಗಳಾಗಿ ವಿಂಗಡಿಸುವ ಪದ್ಧತಿ. ಜಾಹೀರಾತಿನಲ್ಲಿ ಅತಿ ಕಡಿಮೆ ದರ್ಜೆಯ ದರ ಇರುತ್ತದೆ. ರಿವಾರ್ಡ್ ಕಾರ್ಡ್, ಕಂಪನಿ ಕಾರ್ಡ್, ಕೈಯಿಂದ ನಂಬರ್ ಟೈಪ್ ಮಾಡಿದ ವಹಿವಾಟು ಎಲ್ಲ ಮೇಲಿನ ದರ್ಜೆಗೆ ಹೋಗುತ್ತವೆ. ಯಾವುದು ಯಾವ ದರ್ಜೆ ಎಂದು ನಿರ್ಧರಿಸುವುದು ಪ್ರೊಸೆಸರ್. ಬೇರೆ ದಾರಿ ಇರುವಾಗ ಇದನ್ನು ಒಪ್ಪಬೇಡಿ ಎನ್ನುವುದೇ ನನ್ನ ಸಲಹೆ.

ಹಣ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ?

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಸಣ್ಣ ವ್ಯಾಪಾರಕ್ಕೆ ಅರ್ಧ ಪರ್ಸೆಂಟ್ ಜಾಸ್ತಿ ಹೋದರೆ ತಡೆದುಕೊಳ್ಳಬಹುದು. ಎರಡು ವಾರ ಹಣವೇ ಬರದಿದ್ದರೆ ಸಂಬಳ, ಸರಕು, ಬಾಡಿಗೆ ಎಲ್ಲ ನಿಂತುಹೋಗುತ್ತದೆ.

ಮಾರಾಟದ ಹಣ ಖಾತೆಗೆ ಬರುವುದಕ್ಕೆ ಸೆಟಲ್‌ಮೆಂಟ್ ಎನ್ನುತ್ತಾರೆ. ಒಂದೆರಡು ಕೆಲಸದ ದಿನ ಹಿಡಿಯುವುದು ಸಾಮಾನ್ಯ. ಶುಕ್ರವಾರ ಸಂಜೆಯ ಮಾರಾಟದ ಹಣ ಯಾವ ದಿನ ಬರುತ್ತದೆ ಎಂದು ಕೇಳಿ ನೋಡಿ. ಉತ್ತರ ಸ್ಪಷ್ಟವಾಗಿರಬೇಕು.

ಸ್ಟ್ರೈಪ್, ಸ್ಕ್ವೇರ್, ಪೇಪಾಲ್‌ನಂಥ ಕಂಪನಿಗಳು ಲಕ್ಷಾಂತರ ವ್ಯಾಪಾರಿಗಳನ್ನು ತಮ್ಮ ಕೆಳಗೆ ಸೇರಿಸಿಕೊಂಡು ಕೆಲಸ ಮಾಡುತ್ತವೆ. ಇಂಥ ವ್ಯವಸ್ಥೆಯಲ್ಲಿ ಖಾತೆ ಬೇಗ ತೆರೆಯುತ್ತದೆ, ಕಾಗದಪತ್ರ ಕಡಿಮೆ. ಪರಿಶೀಲನೆಯ ಒಂದಷ್ಟು ಭಾಗ ಆಮೇಲೆ ನಡೆಯುತ್ತದೆ. ಮಾರಾಟ ಇದ್ದಕ್ಕಿದ್ದಂತೆ ಏರಿದರೆ ಅಥವಾ ದೂರು ಬಂದರೆ ಹಣ ತಡೆಹಿಡಿಯುವ ಅಧಿಕಾರ ಒಪ್ಪಂದದಲ್ಲೇ ಇರುತ್ತದೆ. ನಿಮ್ಮ ಹೆಸರಿನಲ್ಲೇ ಪ್ರತ್ಯೇಕ ಮರ್ಚೆಂಟ್ ಖಾತೆ (ಕಾರ್ಡ್ ಹಣ ಪಡೆಯುವ ವ್ಯಾಪಾರಿ ಖಾತೆ) ತೆಗೆದರೆ ಪರಿಶೀಲನೆ ಮೊದಲೇ ಆಗುತ್ತದೆ. ಶುರುವಾಗಲು ತಡ, ಆಮೇಲೆ ಅನಿರೀಕ್ಷಿತ ಸ್ವಲ್ಪ ಕಡಿಮೆ.

ಪ್ರವಾಸ, ಮುಂಗಡ ಬುಕಿಂಗ್, ಕೋರ್ಸ್‌ಗಳಂತೆ ಮೊದಲು ಹಣ ಪಡೆದು ಆಮೇಲೆ ಸೇವೆ ಕೊಡುವವರು ‘ರಿಸರ್ವ್’ ಷರತ್ತು ಇದೆಯೇ ನೋಡಬೇಕು. ಪ್ರತಿ ಮಾರಾಟದ ಶೇ 10ರಷ್ಟನ್ನು ಆರು ತಿಂಗಳು ಹಿಡಿದಿಡುವ ಷರತ್ತು ಅಪರೂಪವೇನಲ್ಲ. ಅರ್ಜಿಯಲ್ಲಿ ನಿಮ್ಮ ವ್ಯಾಪಾರ ಏನೆಂದು ಇದ್ದದ್ದು ಇದ್ದ ಹಾಗೆ ಬರೆಯಿರಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಖಾತೆ ಮುಚ್ಚುತ್ತದೆ. ಹಾಗೆ ಮುಚ್ಚಿದವರ ಹೆಸರು ಮಾಸ್ಟರ್‌ಕಾರ್ಡ್ ನಡೆಸುವ ‘ಮ್ಯಾಚ್’ ಎಂಬ ಪಟ್ಟಿಗೆ ಸೇರಬಹುದು. ಸೇರಿದರೆ ಐದು ವರ್ಷ ಅಲ್ಲೇ ಇರುತ್ತದೆ, ಬೇರೆ ಪ್ರೊಸೆಸರ್ ಸಿಗುವುದು ತುಂಬ ಕಷ್ಟ.

ಚಾರ್ಜ್‌ಬ್ಯಾಕ್ ಬಂದರೆ ಏನು ಮಾಡುತ್ತಾರೆ ಎಂದು ಕೇಳಿ

ಗಿರಾಕಿ ತನ್ನ ಬ್ಯಾಂಕಿಗೆ ‘ಈ ಖರ್ಚು ನನ್ನದಲ್ಲ’ ಅಥವಾ ‘ವಸ್ತು ಬರಲಿಲ್ಲ’ ಎಂದು ದೂರು ಕೊಟ್ಟರೆ ಹಣ ನಿಮ್ಮಿಂದ ವಾಪಸ್ ಹೋಗುತ್ತದೆ. ಇದೇ ಚಾರ್ಜ್‌ಬ್ಯಾಕ್. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಹೆಚ್ಚಿನ ದೂರುಗಳಿಗೆ 120 ದಿನಗಳವರೆಗೆ ಅವಕಾಶವಿದೆ. ಮೇಲಿಂದ ಪ್ರೊಸೆಸರ್ ಚಾರ್ಜ್‌ಬ್ಯಾಕ್ ಶುಲ್ಕವನ್ನೂ ಹಾಕುತ್ತದೆ. ದೂರು ತಪ್ಪೆಂದು ತೋರಿಸಿ ನೀವು ಗೆದ್ದರೆ ಆ ಶುಲ್ಕ ವಾಪಸ್ ಬರುತ್ತದೆಯೇ, ದಾಖಲೆ ಕೊಡಲು ಎಷ್ಟು ದಿನ ಸಮಯ, ಸಹಾಯ ಮಾಡಲು ಮನುಷ್ಯರು ಸಿಗುತ್ತಾರೆಯೇ ಎಂದು ಕೇಳಿ. ರೀಫಂಡ್ ಮಾಡಿದಾಗ ಮೊದಲು ಕಡಿದ ಕಮಿಷನ್ ಮರಳುತ್ತದೆಯೇ ಎಂಬುದನ್ನೂ ಕೇಳಬೇಕು. ಅನೇಕರು ಮರಳಿಸುವುದಿಲ್ಲ.

ಗಿರಾಕಿಯ ಸ್ಟೇಟ್‌ಮೆಂಟ್‌ನಲ್ಲಿ ನಿಮ್ಮ ಅಂಗಡಿಯ ಹೆಸರೇ ಕಾಣುವಂತೆ ಮಾಡಿಸಿ. ನೋಂದಣಿಯಲ್ಲಿರುವ ಬೇರಾವುದೋ ಹೆಸರು ಬಂದರೆ ಗಿರಾಕಿಗೆ ಗುರುತು ಸಿಗುವುದಿಲ್ಲ. ಪಾಪ, ಮೋಸ ಆಯಿತೆಂದು ಹೆದರಿ ದೂರು ಕೊಡುತ್ತಾರೆ. ಆನ್‌ಲೈನ್ ಮಾರಾಟವಾದರೆ, ಪಾವತಿಯ ಸಮಯದಲ್ಲಿ ಒಟಿಪಿಯಂಥ ಎರಡನೇ ಪರಿಶೀಲನೆ ನಡೆಸುವ ಥ್ರೀಡಿ ಸೆಕ್ಯೂರ್ ಇರಬೇಕು. ಅದರ ಮೂಲಕ ದೃಢಪಟ್ಟ ಪಾವತಿಯಲ್ಲಿ ಕಾರ್ಡ್ ವಂಚನೆ ನಡೆದಿದ್ದರೆ ನಷ್ಟದ ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು.

ಕಾರ್ಡ್ ಮಾಹಿತಿ ನಿಮ್ಮ ಬಳಿ ಬೇಡವೇ ಬೇಡ

ಕಾರ್ಡ್ ತೆಗೆದುಕೊಳ್ಳುವ ಎಲ್ಲರಿಗೂ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ನಿಯಮಗಳು ಅನ್ವಯಿಸುತ್ತವೆ. 2006ರಲ್ಲಿ ಐದು ಕಾರ್ಡ್ ನೆಟ್‌ವರ್ಕ್‌ಗಳು ಸೇರಿ ಕಟ್ಟಿದ ಮಂಡಳಿ ಇವನ್ನು ನೋಡಿಕೊಳ್ಳುತ್ತದೆ. ಪಾವತಿ ಪುಟ ಪ್ರೊಸೆಸರ್‌ನದೇ ಆಗಿದ್ದು, ಕಾರ್ಡ್ ನಂಬರ್ ನಿಮ್ಮ ಕಂಪ್ಯೂಟರ್ ಮುಟ್ಟದಿದ್ದರೆ ಈ ನಿಯಮ ಪಾಲಿಸುತ್ತಿದ್ದೀರಿ ಎಂದು ನೀವು ತುಂಬಬೇಕಾದ ಫಾರಂ ಬಹಳ ಚಿಕ್ಕದಾಗುತ್ತದೆ. ನಂಬರನ್ನು ಡೈರಿಯಲ್ಲಿ ಬರೆದಿಡುವುದು, ಕಾರ್ಡ್ ಫೋಟೊ ತರಿಸಿಕೊಳ್ಳುವುದು ಬೇಡ. ಪಾವತಿಗೆ ಒಪ್ಪಿಗೆ ಸಿಕ್ಕ ಮೇಲೆ ಸಿವಿವಿಯನ್ನು ಯಾವ ರೂಪದಲ್ಲೂ ಇಟ್ಟುಕೊಳ್ಳುವಂತಿಲ್ಲ.

ಅಗ್ರಿಮೆಂಟ್ ಓದುವಾಗ

ಮೊದಲು ಹೊರಬರುವ ದಾರಿ ಹುಡುಕಿ. ಎಷ್ಟು ವರ್ಷದ ಒಪ್ಪಂದ, ಮಧ್ಯೆ ಬಿಟ್ಟರೆ ದಂಡ ಎಷ್ಟು, ತಾನಾಗಿಯೇ ನವೀಕರಣ ಆಗುತ್ತದೆಯೇ, ದರ ಏರಿಸುವ ಮೊದಲು ಎಷ್ಟು ದಿನ ಮುಂಚೆ ತಿಳಿಸುತ್ತಾರೆ. ಮಷೀನ್‌ಗೆ ಪ್ರತ್ಯೇಕ ಲೀಸ್ ಕಾಗದ ಇದ್ದರೆ ಎಚ್ಚರ. ಪ್ರೊಸೆಸರ್ ಬಿಟ್ಟರೂ ಲೀಸ್ ಮುಂದುವರಿಯಬಹುದು, ಕಂತುಗಳ ಮೊತ್ತ ಮಷೀನ್ ಬೆಲೆಯನ್ನು ಮೀರಬಹುದು. ಆಗುವುದಾದರೆ ಮಷೀನ್ ಕೊಂಡುಬಿಡಿ. ಆದರೆ ಅದು ಬೇರೆ ಪ್ರೊಸೆಸರ್ ಜೊತೆ ಕೆಲಸ ಮಾಡುತ್ತದೆಯೇ ಎಂದು ಕೇಳಿಕೊಂಡೇ ಕೊಳ್ಳಿ. ಪ್ರತಿ ತಿಂಗಳು ತಾನಾಗಿ ಹಣ ಕಡಿತವಾಗುವ ಸದಸ್ಯತ್ವ ನಡೆಸುವವರಾದರೆ, ಗಿರಾಕಿಗಳ ಉಳಿಸಿದ ಕಾರ್ಡ್ ಮಾಹಿತಿಯನ್ನು ಹೊಸ ಪ್ರೊಸೆಸರ್‌ಗೆ ಸುರಕ್ಷಿತವಾಗಿ ವರ್ಗಾಯಿಸಿಕೊಡುತ್ತೇವೆ ಎಂಬ ಮಾತು ಬರಹದಲ್ಲಿರಲಿ.

ಶುರು ಮಾಡುವಾಗ, ಬದಲಾಯಿಸುವಾಗ

ಸಹಿಗೆ ಮೊದಲೇ ರಜೆಯ ದಿನ ಸಹಾಯವಾಣಿಗೆ ಒಮ್ಮೆ ಫೋನ್ ಮಾಡಿ. ಖಾತೆ ತೆರೆದ ಮೇಲೆ ಸಣ್ಣ ಮೊತ್ತದ ಒಂದು ಮಾರಾಟ, ಒಂದು ರೀಫಂಡ್ ಮಾಡಿ, ರಿಪೋರ್ಟ್‌ನಲ್ಲಿ ಅದು ಹೇಗೆ ಕಾಣುತ್ತದೆ ನೋಡಿ. ಕೆಲವರು ಶುಲ್ಕ ಕಳೆದು ಹಣ ಹಾಕುತ್ತಾರೆ, ಕೆಲವರು ಪೂರ್ತಿ ಹಾಕಿ ತಿಂಗಳ ಕೊನೆಗೆ ಶುಲ್ಕ ಎತ್ತಿಕೊಳ್ಳುತ್ತಾರೆ. ನಿಮ್ಮ ಲೆಕ್ಕ ಬರೆಯುವವರಿಗೆ ಇದು ಮೊದಲೇ ಗೊತ್ತಿರಬೇಕು.

ಆರು ತಿಂಗಳ ಸ್ಟೇಟ್‌ಮೆಂಟ್ ಕೈಯಲ್ಲಿಟ್ಟುಕೊಂಡು ದರ ಇಳಿಸಲು ಕೇಳಿ. ಇಳಿಸದೆ ಬೇರೆ ಕಡೆ ಹೋಗುವುದಾದರೆ ಹಳೆಯ ಖಾತೆಯನ್ನು ಅದೇ ದಿನ ಮುಚ್ಚಬೇಡಿ. ಹಳೆಯ ಮಾರಾಟದ ರೀಫಂಡ್ ಅದರ ಮೂಲಕವೇ ಹೋಗಬೇಕು, ಚಾರ್ಜ್‌ಬ್ಯಾಕ್ ಸೂಚನೆಯೂ ಅಲ್ಲಿಗೇ ಬರುತ್ತದೆ. ತಿಂಗಳ ಶುಲ್ಕವಿಲ್ಲದ ಯೋಜನೆಗೆ ಇಳಿಸಿಕೊಳ್ಳಲು ಆಗುತ್ತದೆಯೇ ಕೇಳಿ, ನಾಲ್ಕೈದು ತಿಂಗಳು ಹಾಗೇ ಇಟ್ಟು, ರಿಪೋರ್ಟ್‌ಗಳನ್ನೆಲ್ಲ ಡೌನ್‌ಲೋಡ್ ಮಾಡಿಕೊಂಡ ಮೇಲೆ ಮುಚ್ಚಿ.