ಹೊಸ ಆರ್‌ಸಿ (ರಿಮೋಟ್ ಕಂಟ್ರೋಲ್) ಹೆಲಿಕಾಪ್ಟರ್ ಹಾರ್ಸೋಕೆ ಮುಂಚೆ ಟೇಬಲ್ ಮೇಲೆ ಮಾಡ್ಬೇಕಾದ ಕೆಲ್ಸ

ಬಾಕ್ಸ್ ಮೇಲೆ 'ರೆಡಿ ಟು ಫ್ಲೈ' ಅಂತ ಎಷ್ಟು ದಪ್ಪಕ್ಷರದಲ್ಲಿ ಬರ್ದಿದ್ರೂ ನಂಬ್ಕೊಂಡು ನೇರ ಮೈದಾನಕ್ಕೆ ಹೋಗ್ಬೇಡಿ. ನಾನು ಹೋಗಿದ್ದೆ. ಥ್ರಾಟಲ್ ಕೊಟ್ಟ ತಕ್ಷಣ ಹೆಲಿ ನಿಂತಲ್ಲೇ ಬುಗುರಿ ಥರ ಗಿರಗಿರ ತಿರುಗಿ ಪಕ್ಕಕ್ಕೆ ಬಿತ್ತು, ಬ್ಲೇಡು, ಮೇನ್ ಶಾಫ್ಟು ಎರಡೂ ಹೋಯ್ತು. ಕಾರಣ ನೋಡಿದ್ರೆ ಗೈರೋ (ಹೆಲಿ ತಾನಾಗೇ ತಿರುಗದ ಹಾಗೆ ಬಾಲ ಸರಿಮಾಡೋ ಸೆನ್ಸರ್) ರಿವರ್ಸ್ ಆಗಿತ್ತು ಅಷ್ಟೇ, ಟೇಬಲ್ ಮೇಲೆ ಅರ್ಧ ನಿಮಿಷದಲ್ಲಿ ಗೊತ್ತಾಗ್ತಿತ್ತು.

ಇಲ್ಲಿ ಹೇಳ್ತಿರೋದು ಕಲೆಕ್ಟಿವ್ ಪಿಚ್ ಹೆಲಿ ಬಗ್ಗೆ, ಅಂದ್ರೆ ಬ್ಲೇಡ್‌ಗಳ ಕೋನ ಬದಲಾಗೋದು. ಫಿಕ್ಸೆಡ್ ಪಿಚ್ ಆದ್ರೆ ಇದ್ರಲ್ಲಿ ಅರ್ಧ ಕೆಲ್ಸ ಇರಲ್ಲ.

ಮೊದ್ಲು ಮೋಟಾರ್‌ನ ಮೂರೂ ವೈರ್ ಬಿಚ್ಚಿಡಿ. ಇದೊಂದನ್ನ ಮಾತ್ರ ಮರೀಬೇಡಿ, ಸೆಟಪ್ ಮಾಡ್ತಾ ಕೈ ತಗುಲಿ ಥ್ರಾಟಲ್ ಮೇಲೆ ಹೋದ್ರೆ ಮುಖದ ಹತ್ರಾನೇ ಬ್ಲೇಡ್ ತಿರುಗುತ್ತೆ. ಆನ್ ಮಾಡುವಾಗ ಯಾವಾಗ್ಲೂ ಟ್ರಾನ್ಸ್‌ಮಿಟರ್ (ಕೈಯಲ್ಲಿರೋ ರಿಮೋಟ್) ಮೊದ್ಲು, ಆಮೇಲೆ ಹೆಲಿ ಬ್ಯಾಟರಿ. ಆಫ್ ಮಾಡುವಾಗ ಉಲ್ಟಾ.

ಈಗ ಸ್ಕ್ರೂ ಎಲ್ಲಾ ಒಂದ್ಸಲ ನೋಡಿ, ಮೆಟಲ್ ಒಳಗೆ ಮೆಟಲ್ ಹೋಗೋ ಕಡೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಒಂದು ಹನಿ ಸಾಕು, ಪ್ಲಾಸ್ಟಿಕ್‌ಗೆ ಬೇಡ. ಬ್ಲೇಡ್ ಬೋಲ್ಟನ್ನ ಜಾಸ್ತಿ ಬಿಗಿ ಮಾಡ್ಬೇಡಿ: ಹೆಲಿನ ಪಕ್ಕಕ್ಕೆ ಮಲಗಿಸಿ ಹಿಡಿದ್ರೆ ಬ್ಲೇಡ್ ತಾನಾಗೇ ಜೋತು ಬೀಳ್ಬಾರ್ದು, ಸ್ವಲ್ಪ ಕೊಡವಿದ್ರೆ ಬೀಳ್ಬೇಕು.

ತಾಳ್ಮೆ ಬೇಕಾಗೋದು ಸ್ವಾಶ್‌ಪ್ಲೇಟ್‌ಗೆ, ಅಂದ್ರೆ ಸ್ಟಿಕ್ ಹೇಳಿದ ಹಾಗೆ ಬ್ಲೇಡ್ ಕೋನ ಬದಲಿಸೋ ರೋಟರ್ ಕೆಳಗಿನ ತಟ್ಟೆಗೆ. ಪಿಚ್ ಕರ್ವ್ (ಸ್ಟಿಕ್ ಎಲ್ಲಿದ್ರೆ ಬ್ಲೇಡ್ ಕೋನ ಎಷ್ಟು ಅನ್ನೋ ಸೆಟ್ಟಿಂಗ್) ನೇರ ಗೆರೆ ಇರೋ ಹಾಗೆ ಇಟ್ಕೊಂಡು ಸ್ಟಿಕ್ ಸರಿಯಾಗಿ ಮಧ್ಯಕ್ಕೆ ತನ್ನಿ, ಆಗ ಸರ್ವೋ (ಆ ತಟ್ಟೆ ಅಲ್ಲಾಡ್ಸೋ ಪುಟ್ಟ ಮೋಟಾರ್) ಆರ್ಮ್‌ಗಳು ಲಿಂಕ್ ರಾಡಿಗೆ 90 ಡಿಗ್ರಿ, ಸ್ವಾಶ್‌ಪ್ಲೇಟ್ ಮಟ್ಟವಾಗಿ, ಬ್ಲೇಡ್ ಪಿಚ್ 0 ಇರ್ಬೇಕು, ಪಿಚ್ ಗೇಜ್ ಹಾಕಿ ನೋಡಿ, ಕಣ್ಣಂದಾಜು ಬೇಡ. ಆರ್ಮ್ ಸ್ವಲ್ಪ ವಾರೆ ಇದ್ರೆ ಬಿಚ್ಚಿ ಬೇರೆ ಹಲ್ಲಿಗೆ ಕೂರ್ಸಿ ನೋಡಿ, ಉಳಿದ ಚೂರುಪಾರಿಗೆ ಮಾತ್ರ ಸಬ್‌ಟ್ರಿಮ್ (ಸರ್ವೋ ಮಧ್ಯಸ್ಥಾನ ಚೂರು ಜರುಗ್ಸೋ ಸೆಟ್ಟಿಂಗ್), ಆಮೇಲೂ 0 ಬರ್ಲಿಲ್ಲ ಅಂದ್ರೆ ಲಿಂಕ್ ರಾಡ್ ಉದ್ದ ಹೆಚ್ಚುಕಮ್ಮಿ ಮಾಡಿ. ಇದೆಲ್ಲಾ ಸರಿ ಹೋದ್ಮೇಲೆ ನಾರ್ಮಲ್ ಮೋಡ್ (ಮಾಮೂಲಿ ಹಾರಾಟದ) ಪಿಚ್ ಕರ್ವ್ ಹಾಕಿ: ಸ್ಟಿಕ್ ಕೆಳಗೆ −2 ಇಂದ −3 ಡಿಗ್ರಿ, ಮಧ್ಯ +5, ಮೇಲೆ +10 ಆಸುಪಾಸು. ಎಕ್ಸ್‌ಪೋ 30% ಹತ್ರ ಇಟ್ರೆ ಸ್ಟಿಕ್ ಮಧ್ಯದಲ್ಲಿ ಸ್ವಲ್ಪ ಮೆತ್ತಗಾಗುತ್ತೆ, ನಡುಗೋ ಕೈಗೆ ಒಳ್ಳೇದು.

ಇನ್ನು ಗೈರೋ. ಟೇಲ್ ಸ್ಟಿಕ್ ಬಲಕ್ಕೆ ತಳ್ಳಿ, ಟೇಲ್ ಸ್ಲೈಡರ್ ಅಂದ್ರೆ ಬಾಲದ ಬ್ಲೇಡ್ ಕೋನ ಬದಲಿಸೋ ಜಾರೋ ಭಾಗ ಯಾವ ಕಡೆ ಹೋಯ್ತು ನೋಡ್ಕೊಳ್ಳಿ (ಹೆಲಿ ಮೂತಿ ಬಲಕ್ಕೆ ತಿರುಗೋ ಕಡೆಗೇ ಅದು ಹೋಗ್ಬೇಕು). ಈಗ ಸ್ಟಿಕ್ ಬಿಟ್ಟು ಹೆಲಿ ಮೂತಿನ ಕೈಯಲ್ಲಿ ಪಟ್ ಅಂತ ಎಡಕ್ಕೆ ತಿರುಗ್ಸಿ, ಸ್ಲೈಡರ್ ಮೊದ್ಲು ಹೋದ ಕಡೆಗೇ ಹೋದ್ರೆ ಸರಿ. ಉಲ್ಟಾ ಹೋದ್ರೆ ಗೈರೋ ಸೆಟ್ಟಿಂಗಲ್ಲಿ ರಿವರ್ಸ್ ಮಾಡಿ. ಫ್ಲೈಬಾರ್ (ರೋಟರ್ ಜೊತೆ ತಿರುಗೋ ತೂಕದ ಅಡ್ಡ ಕಡ್ಡಿ) ಇಲ್ಲದ ಹೆಲಿ ಆದ್ರೆ ಮುಂದೆ ಹಿಂದೆ, ಎಡ ಬಲ ವಾಲಿಸಿ ಸ್ವಾಶ್‌ಪ್ಲೇಟನ್ನೂ ಹೀಗೇ ನೋಡಿ, ವಾಲಿದ್ದಕ್ಕೆ ಎದುರಾಗಿ ಅದು ತಿರುಗ್ಬೇಕು. ಮೋಟಾರ್ ಬಂದ್ ಮಾಡಿಡೋ ಥ್ರಾಟಲ್ ಹೋಲ್ಡ್ ಸ್ವಿಚ್ಚು, ಸಿಗ್ನಲ್ ಹೋದ್ರೆ ಮೋಟಾರ್ ನಿಲ್ಸೋ ಫೇಲ್‌ಸೇಫು, ಎರಡನ್ನೂ ಸೆಟ್ ಮಾಡಿ.

ಬ್ಯಾಟರಿ ಕೂರಿಸಿ ರೋಟರ್ ಹೆಡ್ ಹಿಡ್ಕೊಂಡು ಎತ್ತಿ ನೋಡಿ, ಟೇಲ್ ಕೆಳಗೆ ಹೋದ್ರೆ ಬ್ಯಾಟರಿ ಮುಂದಕ್ಕೆ ಜರುಗ್ಸಿ. ಲೀಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಒಂದು ಸೆಲ್‌ಗೆ 4.2 ವೋಲ್ಟ್ ಫುಲ್ಲು, 80% ಖರ್ಚಾಗೋ ಮುಂಚೆ ಇಳಿಸ್ಬೇಕು, ಶುರುವಲ್ಲಿ ಟೈಮರ್ 4 ನಿಮಿಷ ಇಟ್ಬಿಡಿ.

ಮೈದಾನದಲ್ಲಿ ಬಿಚ್ಚಿಟ್ಟ ಮೋಟಾರ್ ವೈರ್ ಮತ್ತೆ ಜೋಡಿಸಿ, ಟ್ರೇನಿಂಗ್ ಗೇರ್ (ಹೆಲಿ ಮಗುಚದ ಹಾಗೆ ಕೆಳಗೆ ಕಟ್ಟೋ ಅಗಲವಾದ ಕಡ್ಡಿಗಳು) ಕಟ್ಟಿ, 10–15 ಹೆಜ್ಜೆ ದೂರ ಇಟ್ಟು, ಬಾಲ ನಿಮ್ಮ ಕಡೆಗಿರ್ಲಿ. ಮೊದಲ ಸಲ ಮೇಲೆತ್ತಿದಾಗ ಎರಡು ಬ್ಲೇಡ್ ಒಂದೇ ಗೆರೆಯಲ್ಲಿ ತಿರುಗ್ತಿದ್ಯಾ ಅಂತ ಪಕ್ಕದಿಂದ ಇನ್ನೊಬ್ರಿಗೆ ದೂರ ನಿಂತು ನೋಡೋಕೆ ಹೇಳಿ, ತುದಿಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿದ್ರೆ ಯಾವುದು ಮೇಲಿದೆ ಗೊತ್ತಾಗುತ್ತೆ, ಅದರ ಲಿಂಕ್ ಅರ್ಧ ಸುತ್ತು ತಿರುಗ್ಸಿ ಪಿಚ್ ಕಮ್ಮಿ ಮಾಡಿ. ನೆಲಕ್ಕೆ ತೀರಾ ಹತ್ರ ಇದ್ದಾಗ ಬ್ಲೇಡಿನ ಗಾಳಿಗೇ ಹೆಲಿ ಎತ್ತೆತ್ತಲೋ ಜಾರುತ್ತೆ, ಹೆದರ್ಬೇಡಿ, ಸೊಂಟದೆತ್ತರಕ್ಕೆ ಹೋದ್ರೆ ಅದೇ ಹೆಲಿ ಎಷ್ಟೋ ಸಾಧು. ಕಣ್ಣು ಬಾಲದ ಮೇಲಲ್ಲ, ಮೂತಿ ಮೇಲಿರ್ಲಿ.

ಇಳಿಸಿದ್ಮೇಲೆ ಹೋಲ್ಡ್ ಹಾಕಿ ಬ್ಲೇಡ್ ಪೂರ್ತಿ ನಿಲ್ಲೋವರ್ಗೂ ಹತ್ರ ಹೋಗ್ಬೇಡಿ, ಬ್ಯಾಟರಿ ಕಳಚಿ ಮೋಟಾರ್ ಮುಟ್ಟಿ ನೋಡಿ, ಬೆರಳಿಡೋಕೆ ಆಗದಷ್ಟು ಸುಡ್ತಿದ್ರೆ ಗೇರ್ ಬಿಗಿ ಇರ್ಬಹುದು, ಮತ್ತೆ ಹಾರ್ಸೋಕೆ ಮುಂಚೆ ಅದನ್ನ ಸಡಿಲ ಮಾಡ್ಕೊಳ್ಳಿ.