ಮುನಿರಾಬಾದಿನಿಂದ ಶಕ್ತಿನಗರದವರೆಗೆ: ಕ್ಯಾಮೆರಾಕ್ಕೆ ಯಾರಾದರೂ ಕೈ ಅಡ್ಡ ಹಿಡಿದಾಗ

ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟೆ ಕಾಣುವ ರಸ್ತೆ, ಶಕ್ತಿನಗರದ ಕೃಷ್ಣಾ ಸೇತುವೆ, ತೋರಣಗಲ್ಲಿನ ಕಾರ್ಖಾನೆ ಮುಂದಿನ ಹೆದ್ದಾರಿ, ಸಂಡೂರಿನ ಅದಿರು ಲಾರಿಗಳ ದಾರಿ. ಇಂಥ ಕಡೆ ಕ್ಯಾಮೆರಾ ಹೊರತೆಗೆದರೆ ಬರುವ ಪ್ರಶ್ನೆ ಒಂದೇ: ‘ಪರ್ಮಿಷನ್ ಐತೇನ್ರಿ?’

ಸಾರ್ವಜನಿಕ ರಸ್ತೆಯಲ್ಲಿ ನಿಂತು, ಅಲ್ಲಿಂದ ಬರಿಗಣ್ಣಿಗೆ ಕಾಣುವುದರ ಫೋಟೋ ತೆಗೆಯಲು ಸಾಮಾನ್ಯವಾಗಿ ಯಾರ ಅನುಮತಿಯೂ ಬೇಕಿಲ್ಲ. ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಇದೂ ಸೇರುತ್ತದೆ. ಅದಕ್ಕೆ ಮಿತಿ ಹಾಕುವುದಿದ್ದರೆ 19(2)ರಲ್ಲಿ ಹೇಳಿದ ಕಾರಣಕ್ಕೆ, ಕಾನೂನಿನ ಮೂಲಕವೇ ಹಾಕಬೇಕು. ಜಗಳ ಹುಟ್ಟುವುದು ಬಹುಪಾಲು ಮೂರು ಪ್ರಶ್ನೆಗಳನ್ನು ಕಲಸಿಬಿಡುವುದರಿಂದ: ನಿಂತ ಜಾಗ ಯಾರದು, ಚೌಕಟ್ಟಿನೊಳಗೆ ಏನಿದೆ, ಆಮೇಲೆ ಆ ಚಿತ್ರವನ್ನು ಏನು ಮಾಡುತ್ತೀರಿ. ಮೂರಕ್ಕೂ ಕಾನೂನು ಬೇರೆ ಬೇರೆ.

ನಿಂತ ಜಾಗ

‘ಇದು ನಿಷೇಧಿತ ಪ್ರದೇಶ’ ಎಂದು ಯಾರಾದರೂ ಅಂದರೆ ಅವರ ತಲೆಯಲ್ಲಿರುವುದು 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಸೇನೆಗೆ ಸೇರಿದ ಜಾಗಗಳ ವಿಷಯದಲ್ಲಿ ವಾದಕ್ಕೆ ಇಳಿಯಬೇಡಿ, ಅವು ಕಾಯ್ದೆಯ ಮಾತಿನಲ್ಲೇ ನಿಷೇಧಿತ. ಆದರೆ ನೀರು, ವಿದ್ಯುತ್, ರೈಲು, ರಸ್ತೆಯಂಥ ನಾಗರಿಕ ಕಾಮಗಾರಿಗಳ ಜಾಗ ತನ್ನಷ್ಟಕ್ಕೇ ನಿಷೇಧಿತ ಆಗುವುದಿಲ್ಲ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಬೇಕು. ಅದರ ಪ್ರತಿಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಅಲ್ಲಿಯೇ ಅಂಟಿಸಿರಬೇಕು ಎನ್ನುತ್ತದೆ 2(8)ನೇ ಕಲಂ. ಹಾಗಾಗಿ ಕೆಂಪು ಬಣ್ಣದಲ್ಲಿ ‘ಫೋಟೋ ನಿಷೇಧಿಸಿದೆ’ ಎಂದು ಬರೆದ ತಗಡನ್ನು ಹತ್ತಿರ ಹೋಗಿ ಓದಿ. ಕೆಳಗೆ ಅಧಿಸೂಚನೆಯ ಸಂಖ್ಯೆ, ದಿನಾಂಕ ಇದೆಯೇ? ಇಲ್ಲದಿದ್ದರೆ ಅದು ಆ ಸಂಸ್ಥೆಯ ಆವರಣದ ನಿಯಮ. ಗೇಟಿನೊಳಗೆ ಅದನ್ನು ಪಾಲಿಸಲೇಬೇಕು, ಯಾಕೆಂದರೆ ಜಾಗ ಅವರದು. ಗೇಟಿನಾಚೆಯ ರಸ್ತೆಯಲ್ಲಿ ಅದರ ತೂಕ ತೀರಾ ಕಡಿಮೆ. ಠಾಣೆಯ ಒಳಗೆ ವಿಡಿಯೊ ಮಾಡಿದವರ ಮೇಲೆ ಇದೇ ಕಾಯ್ದೆಯಡಿ ಹಾಕಿದ್ದ ಪ್ರಕರಣವೊಂದನ್ನು 2022ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ರದ್ದುಪಡಿಸಿತು. ಪೊಲೀಸ್ ಠಾಣೆ ಕಾಯ್ದೆ ಹೇಳುವ ನಿಷೇಧಿತ ಸ್ಥಳಗಳಲ್ಲಿ ಬರುವುದಿಲ್ಲ ಎಂಬುದೇ ಕಾರಣ.

ತಾತ್ಕಾಲಿಕ ನಿರ್ಬಂಧದ ಕಥೆಯೇ ಬೇರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನ್ ಲಿಂಕ್ ತುಂಡಾಯಿತಲ್ಲ, ಅಂಥ ಹೊತ್ತಿನಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 163ನೇ ಕಲಂ ಅಡಿ ಜನ ಸೇರದಂತೆ ಆದೇಶ ಹೊರಡಿಸಬಹುದು. ಇದು ಹಳೆಯ 144. ಮ್ಯಾಜಿಸ್ಟ್ರೇಟರ ಆದೇಶಕ್ಕೆ ಎರಡು ತಿಂಗಳಷ್ಟೇ ಆಯುಸ್ಸು, ಮುಂದಕ್ಕೆ ಹಾಕಬೇಕಾದರೆ ರಾಜ್ಯ ಸರ್ಕಾರವೇ ಹಾಕಬೇಕು. ಆದ್ದರಿಂದ ಆದೇಶದ ತಾರೀಖು ಕೇಳಿ. ಇನ್ನೊಂದು ಮಾತು: ಅಣೆಕಟ್ಟೆಯ ಎಡದಂಡೆ ಕೊಪ್ಪಳ ಜಿಲ್ಲೆ, ಬಲದಂಡೆ ಈಗ ವಿಜಯನಗರ ಜಿಲ್ಲೆ. ಒಂದು ದಡದ ಆದೇಶ ಇನ್ನೊಂದು ದಡಕ್ಕೆ ನಡೆಯಲಿಕ್ಕಿಲ್ಲ.

ಇಟಗಿಯ ಮಹಾದೇವ ದೇವಾಲಯ, ಮಸ್ಕಿಯ ಅಶೋಕ ಶಾಸನದಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ಅಡ್ಡಿಯಿಲ್ಲ. 2018ರ ಜುಲೈನಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ಅಜಂತಾ, ಲೇಹ್ ಅರಮನೆ, ತಾಜ್ ಮಹಲಿನ ಗೋರಿಕೋಣೆ ಬಿಟ್ಟು ಉಳಿದ ಕಡೆ ನಿರ್ಬಂಧ ತೆಗೆದಿದೆ. ಟ್ರೈಪಾಡ್ ಬಿಚ್ಚಿದರೆ, ಪ್ರಿ-ವೆಡ್ಡಿಂಗ್ ಜೋಡಿಯನ್ನೂ ಲೈಟುಗಳನ್ನೂ ತಂದರೆ ಮಾತ್ರ ಇಲಾಖೆಯ ಅನುಮತಿ ಬೇಕು. ಪೂಜೆ ನಡೆಯುವ ಗುಡಿಗಳಲ್ಲಿ ಗರ್ಭಗುಡಿಯತ್ತ ಲೆನ್ಸ್ ತಿರುಗಿಸಬೇಡಿ. ಅರ್ಚಕರು ಬೇಡವೆಂದರೆ ಮುಗಿಯಿತು.

ರೈಲು ಹಳಿಯ ಮೇಲೆ ಇಳಿದರೆ ರೈಲ್ವೆ ಕಾಯ್ದೆಯ 147ನೇ ಕಲಂ ಕಾದಿರುತ್ತದೆ. ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ. ಶೂಟಿಂಗ್ ಪರವಾನಗಿ ಬೇಕಾದವರು ಆ ನಿಲ್ದಾಣ ಸೇರಿದ ರೈಲ್ವೆ ವಿಭಾಗವನ್ನು ಕೇಳಬೇಕು, ಬಳ್ಳಾರಿಗಾದರೆ ಹುಬ್ಬಳ್ಳಿ ವಿಭಾಗ.

ಚೌಕಟ್ಟಿನೊಳಗಿನ ಜನ

ಸಂತೆ, ಜಾತ್ರೆಯ ಗುಂಪಿನ ಚಿತ್ರಕ್ಕೆ ಒಬ್ಬೊಬ್ಬರ ಒಪ್ಪಿಗೆ ಬೇಕಿಲ್ಲ. ಆದರೆ ಹೆಣ್ಣುಮಕ್ಕಳು ಹೊಳೆದಂಡೆಯಲ್ಲಿ ಸ್ನಾನ ಮಾಡುವಾಗ, ಬಟ್ಟೆ ಬದಲಿಸುವಾಗ ತೆಗೆದರೆ ಅದು ನ್ಯಾಯ ಸಂಹಿತೆಯ (ಬಿಎನ್‌ಎಸ್) 77ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಕನಿಷ್ಠ ಒಂದು ವರ್ಷ. ಗವಿಮಠದ ಜಾತ್ರೆ, ತುಂಗಭದ್ರೆಯ ಸ್ನಾನಘಟ್ಟಗಳಲ್ಲಿ ಉದ್ದ ಲೆನ್ಸ್ ಹಿಡಿದವರು ಇದನ್ನು ಮರೆಯುವಂತಿಲ್ಲ. ‘ಬ್ಯಾಡ್ರಿ ಯಪ್ಪಾ’ ಎಂದು ಕೈ ಅಡ್ಡ ಹಿಡಿದ ಮುದುಕಿಯ ಮುಖವನ್ನು ಬಿಟ್ಟುಬಿಡಿ. ಅಲ್ಲಿ ಕಲಂ ಹುಡುಕುವುದು ಸಣ್ಣತನ.

ತಡೆದಾಗ

ಮೊದಲು ಕ್ಯಾಮೆರಾ ಕೆಳಗಿಳಿಸಿ, ಆದರೆ ಆಫ್ ಮಾಡಬೇಡಿ. ಪಟ್ಟಿ ಕೊರಳಲ್ಲೇ ಇರಲಿ. ದನಿ ಏರಿಸದೆ ಕೇಳಿ: ‘ಯಾವ ಆದೇಶ ಐತ್ರೀ ಸರ? ತೋರಸ್ರಿ, ಓದಿಕೊಂಡು ಹೋಗ್ತೀವಿ.’ ಗೇಟಿನಲ್ಲಿ ನಿಂತ ಗಾರ್ಡ್‌ನಿಂದ ಸಿಗುವ ಉತ್ತರ ಹೆಚ್ಚಾಗಿ ‘ಸಾಹೇಬ್ರು ಬೈತಾರ್ರೀ’ ಅಷ್ಟೇ. ಪಾಪ, ಅವರ ಕೆಲಸವೂ ಅದೇ. ಆದರೆ ಖಾಸಗಿ ಗಾರ್ಡ್‌ಗೆ ಕ್ಯಾಮೆರಾ ಕಸಿಯುವ, ಕಾರ್ಡ್ ತೆಗೆಯುವ ಅಧಿಕಾರ ಇಲ್ಲ. ಕೈ ಹಾಕಿದರೆ 112ಕ್ಕೆ ಫೋನ್ ಮಾಡಿ.

ಪೊಲೀಸರಿಗೆ ಅಧಿಕಾರ ಇದೆ, ಅದಕ್ಕೂ ಕ್ರಮ ಇದೆ. ಅಪರಾಧದ ಸಂಶಯ ಇದ್ದರೆ ಬಿಎನ್‌ಎಸ್‌ಎಸ್ 106ರಡಿ ವಸ್ತು ವಶಪಡಿಸಿಕೊಂಡು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. 105ರಂತೆ ವಶಪಡಿಸಿಕೊಳ್ಳುವುದನ್ನು ವಿಡಿಯೊ ಮಾಡಬೇಕು. ಪಟ್ಟಿಯಲ್ಲಿ ‘ಕ್ಯಾಮೆರಾ ಒಂದು’ ಎಂದಷ್ಟೇ ಬರೆದರೆ ಒಪ್ಪಬೇಡಿ. ಬಾಡಿ, ಲೆನ್ಸ್ ಎರಡರ ಸೀರಿಯಲ್ ನಂಬರ್, ಕಾರ್ಡಿನ ಸಂಖ್ಯೆ ಮತ್ತು ಸಾಮರ್ಥ್ಯ, ಸಾಧ್ಯವಾದರೆ ಹ್ಯಾಶ್ ಮೌಲ್ಯ (ಕಡತ ಆಮೇಲೆ ಬದಲಾಗಿಲ್ಲ ಎಂದು ತೋರಿಸುವ ಅಂಕೆ-ಅಕ್ಷರಗಳ ಗುರುತು) ಬರೆಸಿ. ಸೀರಿಯಲ್ ನಂಬರಿನ ಫೋಟೋವನ್ನು ಮನೆಯಲ್ಲೇ ತೆಗೆದಿಟ್ಟಿದ್ದರೆ ಆ ಹೊತ್ತಿಗೆ ತಡಕಾಡಬೇಕಿಲ್ಲ. ವಸ್ತು ವಾಪಸ್ ಪಡೆಯಲು ಅದೇ ಸಂಹಿತೆಯ 497 ಇಲ್ಲವೇ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟರ (ಜೆಎಂಎಫ್‌ಸಿ) ಕೋರ್ಟಿಗೆ ಅರ್ಜಿ ಹಾಕಬೇಕು.

‘ಡಿಲೀಟ್ ಮಾಡಿ ಹೋಗ್ರಿ’ ಎನ್ನುವುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಚಿತ್ರ ತಪ್ಪಾಗಿದ್ದರೆ ಅದು ಸಾಕ್ಷ್ಯ, ಅಳಿಸಿದರೆ ಬಿಎನ್‌ಎಸ್ 241 ನಿಮ್ಮ ಮೇಲೆಯೇ ತಿರುಗಬಹುದು. ತಪ್ಪಿಲ್ಲದಿದ್ದರೆ ಅಳಿಸಲು ಕಾರಣವೇ ಇಲ್ಲ. ಒತ್ತಾಯಕ್ಕೆ ಅಳಿಸಬೇಕಾಗಿ ಬಂದರೆ ಆ ಕಾರ್ಡಿನಲ್ಲಿ ಮತ್ತೊಂದು ಫೋಟೋ ತೆಗೆಯಬೇಡಿ. ಡಿಲೀಟ್ ಒತ್ತಿದಾಗ ಅಳಿಯುವುದು ಕಡತದ ವಿಳಾಸ ಮಾತ್ರ. ಚಿತ್ರ ಅಲ್ಲೇ ಕೂತಿರುತ್ತದೆ, ಅದರ ಮೇಲೆ ಹೊಸದು ಬರೆದಾಗಲೇ ಹೋಗುವುದು. ಎಸ್‌ಡಿ ಕಾರ್ಡ್ ತೆಗೆದು, ಪಕ್ಕದ ಸಣ್ಣ ಗುಂಡಿಯನ್ನು ಲಾಕ್‌ಗೆ ಸರಿಸಿ, ಫೋಟೊರೆಕ್‌ನಂಥ ಉಚಿತ ತಂತ್ರಾಂಶದಿಂದ ಬೇರೆ ಡಿಸ್ಕಿಗೆ ತೆಗೆಯಿರಿ. ಕಾರ್ಡನ್ನು ಪೂರ್ತಿ ಒರೆಸುವ ಲೋ-ಲೆವೆಲ್ ಫಾರ್ಮ್ಯಾಟ್ ಆಗಿದ್ದರೆ ಆಸೆ ಬಿಡಿ. ಫೋನಿನಲ್ಲಾದರೆ ಕಸದ ಬುಟ್ಟಿ ನೋಡಿ: ಐಫೋನಿನಲ್ಲಿ 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ 60 ದಿನ ಇರುತ್ತದೆ. ಬುಟ್ಟಿಯನ್ನೂ ಖಾಲಿ ಮಾಡಿಸಿದ್ದರೆ ಫೋನಿನಿಂದ ಮರಳಿ ಸಿಗುವುದು ಕಷ್ಟ. ಎರಡು ಕಾರ್ಡ್ ಸ್ಲಾಟಿನ ಕ್ಯಾಮೆರಾ ಇದ್ದವರು ಎರಡನೆಯದನ್ನು ಬ್ಯಾಕಪ್ ಮೋಡಿನಲ್ಲಿಡಿ.

ಬೋರ್ಡಿನ ಬುಡ ಹುಡುಕುವುದು

ಸರ್ಕಾರಿ ಜಾಗದ ಬೋರ್ಡಾದರೆ ಮಾಹಿತಿ ಹಕ್ಕು ಅರ್ಜಿಗಿಂತ ಒಳ್ಳೆಯ ಉಪಾಯವಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ಇಲಾಖೆಗಳಿಗೆ ಒಂದೇ ವಿಷಯ, 150 ಪದದೊಳಗೆ. ಮೀರಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ‘ಯಾಕೆ ಫೋಟೋ ಬಿಡುವುದಿಲ್ಲ?’ ಎಂದು ಕೇಳಬೇಡಿ. ಯಾಕೆ ಎಂಬುದಕ್ಕೆ ಉತ್ತರಿಸುವ ಹೊಣೆ ಅವರಿಗಿಲ್ಲ. ದಾಖಲೆ ಕೇಳಿ: ‘ಇಂಥ ಜಾಗದಲ್ಲಿ ಛಾಯಾಗ್ರಹಣ ನಿಷೇಧದ ಫಲಕ ಹಾಕಲು ಆಧಾರವಾದ ಆದೇಶ ಅಥವಾ ಅಧಿಸೂಚನೆಯ ದೃಢೀಕೃತ ಪ್ರತಿ ಒದಗಿಸಿ.’ ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ‘ಅಂಥ ದಾಖಲೆ ಲಭ್ಯವಿಲ್ಲ’ ಎಂಬ ಉತ್ತರವೂ ಒಳ್ಳೆಯದೇ, ಲ್ಯಾಮಿನೇಷನ್ ಮಾಡಿಸಿ ಬ್ಯಾಗಿನಲ್ಲಿಟ್ಟುಕೊಳ್ಳಿ.

ಡ್ರೋನ್

2021ರ ಡ್ರೋನ್ ನಿಯಮಗಳಂತೆ ಹಸಿರು ವಲಯದಲ್ಲಿ, ಅಂದರೆ ಮೊದಲೇ ಅನುಮತಿ ಬೇಡದ ಕಡೆ, 400 ಅಡಿವರೆಗೆ ಹಾರಿಸಬಹುದು. ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣ ಇರುವುದರಿಂದ ಅದರ ಸುತ್ತಿನ 8ರಿಂದ 12 ಕಿ.ಮೀ. ಪಟ್ಟಿಯಲ್ಲಿ ಮಿತಿ 200 ಅಡಿ, ಇನ್ನೂ ಹತ್ತಿರಕ್ಕೆ ಅನುಮತಿ ಬೇಕು. 250 ಗ್ರಾಂ ಮೀರಿದ ಡ್ರೋನಿನಲ್ಲಿ ದುಡ್ಡಿಗೆ ಮದುವೆ ಶೂಟ್ ಮಾಡಿದರೆ ಪೈಲಟ್ ಪ್ರಮಾಣಪತ್ರ ಕಡ್ಡಾಯ. ಹಾರಿಸುವ ದಿನವೇ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆ ನೋಡಿ, ವಲಯಗಳು ಬದಲಾಗುತ್ತಿರುತ್ತವೆ.

ಚಿತ್ರ ಮಾರುವಾಗ

ಕಟ್ಟಡದ ಫೋಟೋ ತೆಗೆದು ಕ್ಯಾಲೆಂಡರ್ ಮಾಡಿ ಮಾರಬಹುದೇ? ನಮ್ಮಲ್ಲಿ ಮಾರಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕಟ್ಟಡಗಳಿಗೂ, ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪಗಳಿಗೂ ಈ ವಿನಾಯಿತಿ ಕೊಟ್ಟಿದೆ. ಬಳ್ಳಾರಿಯ ವೃತ್ತದ ಪ್ರತಿಮೆಗೆ ಇದು ಅನ್ವಯ; ಗೋಡೆಯ ಮೇಲೆ ಕಲಾವಿದರು ಬರೆದ ಚಿತ್ರಕ್ಕೆ ಅಲ್ಲ, ವರ್ಣಚಿತ್ರ ಆ ಪಟ್ಟಿಯಲ್ಲಿಲ್ಲ. ಯುರೋಪಿನಲ್ಲಿ ಇಂಥದೇ ವಿನಾಯಿತಿಯನ್ನು ವಾಣಿಜ್ಯ ಬಳಕೆಗೆ ಕಿತ್ತುಕೊಳ್ಳಲು ಶಿಫಾರಸು ಮಾಡುವ ತಿದ್ದುಪಡಿಯೊಂದು ಸಂಸತ್ತಿನ ಸಮಿತಿಯ ಹಂತ ದಾಟಿ ಬಂದಿತ್ತು. 2015ರ ಜುಲೈ 9ರಂದು ಯುರೋಪಿಯನ್ ಸಂಸತ್ತು ಅದನ್ನು ತಳ್ಳಿಹಾಕಿತು. ನಮ್ಮ 52ನೇ ಕಲಂಗೆ ತಿದ್ದುಪಡಿಯ ಕರಡು ಯಾವಾಗ ಬಂದರೂ ಮೊದಲು ಓದಬೇಕಾದವರು ಸ್ಟುಡಿಯೊದವರು.

ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, 17ನೇ ಕಲಂ ಪ್ರಕಾರ ತೆಗೆಸಿದವರದು. ಮದುವೆಯ ಚಿತ್ರವನ್ನು ಸ್ಟುಡಿಯೊ ಗಾಜಿನಲ್ಲಿ ತೂಗುಹಾಕಬೇಕೆಂದಿದ್ದರೆ ಅಡ್ವಾನ್ಸ್ ರಸೀದಿಯಲ್ಲೇ ಒಂದು ಸಾಲು ಬರೆದು, ಮನೆಯ ಯಜಮಾನರ ಸಹಿ ಹಾಕಿಸಿಕೊಳ್ಳಿ.